ನಿತ್ಯದ ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗ: ಕಿರುಪದ ಕೂಡಿದ ಕ್ರಿಯಾಪದಗಳ ಬೋಧನೆ



ಹತ್ತನೆಯ ತರಗತಿಯನ್ನು ಮುಗಿಸಿದ ಬಾಲಕಿಯೊಬ್ಬಳು ಕಾಲೇಜಿನ ಸೂಚನಾಫಲಕದ ಮುಂದೆ ನಿಂತಿದ್ದಾಳೆ ಎಂದು ಭಾವಿಸೋಣ. ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮನೆಯಲ್ಲಿ ಆಡುವ ನುಡಿ ಒಂದು, ಊರಿನ ಕಚೇರಿಯ ನುಡಿ ಮತ್ತೊಂದು. ಫಲಕದ ಮೇಲೆ ಇಂಗ್ಲಿಷಿನಲ್ಲಿ ಎರಡು ವಾಕ್ಯಗಳಿವೆ: "ಸ್ಟೂಡೆಂಟ್ಸ್ ಹೂಸ್ ನೇಮ್ಸ್ ಹ್ಯಾವ್ ಬೀನ್ ಲೆಫ್ಟ್ ಔಟ್ ಶುಡ್ ಮೀಟ್ ದಿ ಕ್ಲರ್ಕ್ ಬಿಫೋರ್ ಫ್ರೈಡೇ. ಫಾರ್ಮ್ಸ್ ಹ್ಯಾಂಡೆಡ್ ಇನ್ ಲೇಟ್ ವಿಲ್ ಬಿ ಟರ್ನ್ಡ್ ಡೌನ್." ಇಲ್ಲಿನ ಒಂದೊಂದು ಪದದ ಅರ್ಥವೂ ಅವಳಿಗೆ ಗೊತ್ತು. ಲೆಫ್ಟ್ ಎಂದರೆ ಬಿಟ್ಟು ಹೋಗುವುದು, ಔಟ್ ಎಂದರೆ ಹೊರಗೆ. ಆದ್ದರಿಂದ ಮೊದಲನೆಯ ವಾಕ್ಯವು ಕಾಲೇಜು ಬಿಟ್ಟು ಹೊರಗೆ ಹೋದವರನ್ನು ಕುರಿತದ್ದು, ತನಗೆ ಸಂಬಂಧಿಸಿದ್ದಲ್ಲ. ಟರ್ನ್ ಎಂದರೆ ತಿರುಗಿಸುವುದು, ಡೌನ್ ಎಂದರೆ ಕೆಳಗೆ. ತಡವಾಗಿ ಬಂದ ಅರ್ಜಿಗಳನ್ನು ಮಗುಚಿ ಇಡುತ್ತಾರೆ, ಇಡಲಿ. ಹೀಗೆ ಓದಿಕೊಂಡು ಅವಳು ಮನೆಗೆ ಹಿಂದಿರುಗುತ್ತಾಳೆ. ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಅವಳದೇ ಆಗಿರುತ್ತದೆ. ಗುರುವಾರ ಕಳೆಯುತ್ತದೆ.

ಈ ಬಾಲಕಿ ಕಲ್ಪಿತಳು. ಅವಳ ತಪ್ಪು ಕಲ್ಪಿತವಲ್ಲ. ಇಂಗ್ಲಿಷ್ ಬೋಧಿಸುವ ಶಿಕ್ಷಕರೆಲ್ಲರಿಗೂ ಅದು ಪರಿಚಿತವೇ. ಅವಳಲ್ಲಿ ಪದಸಂಪತ್ತಿನ ಕೊರತೆಯಿಲ್ಲ. ಕರ್ಮಣಿ ಪ್ರಯೋಗದ ಪಾಠವನ್ನೂ ಅವಳು ಕಲಿತಿದ್ದಾಳೆ. ರಾಮನು ರಾವಣನನ್ನು ಕೊಂದ ವಾಕ್ಯವನ್ನು ತಿರುಗಿಸಿ ಬರೆಯಲು ಹೇಳಿದರೆ ಅಂಕ ಕಳೆದುಕೊಳ್ಳುವವಳಲ್ಲ. ಅವಳನ್ನು ತಡೆದು ನಿಲ್ಲಿಸಿದ್ದು ಎರಡು ಸಂಗತಿಗಳ ಕೂಡುವಿಕೆ. ಒಂದು, ಮಾಡಿದವರ ಹೆಸರನ್ನು ಹೇಳದೆ ಆದದ್ದನ್ನು ಮಾತ್ರ ಹೇಳುವ ಕರ್ಮಣಿ ವಾಕ್ಯ. ಇನ್ನೊಂದು, ತನ್ನ ಮೂಲಾರ್ಥವನ್ನು ಬಿಟ್ಟು ಬೆನ್ನಿಗಿರುವ ಕಿರುಪದದೊಡನೆ ಸೇರಿ ಹೊಸ ಅರ್ಥವನ್ನು ಕೊಡುವ ಕ್ರಿಯಾಪದ. ಪಠ್ಯಕ್ರಮದಲ್ಲಿ ಇವೆರಡೂ ಬೇರೆ ಬೇರೆ ಪಾಠಗಳಾಗಿ ಬರುವುದೇ ವಾಡಿಕೆ. ನಿತ್ಯದ ಇಂಗ್ಲಿಷಿನಲ್ಲಿ ಇವು ಒಂದೇ ವಾಕ್ಯದಲ್ಲಿ ಜೊತೆಯಾಗಿ ಬರುತ್ತವೆ.

ಪುಟ್, ಟೇಕ್, ಟರ್ನ್, ಬ್ರೇಕ್, ಕಾಲ್ ಮೊದಲಾದ ಸಾಮಾನ್ಯ ಕ್ರಿಯಾಪದಗಳ ಬೆನ್ನಿಗೆ ಆಫ್, ಅಪ್, ಔಟ್, ಡೌನ್, ಇನ್, ಓವರ್ ಮೊದಲಾದ ಕಿರುಪದಗಳು ಸೇರಿ ಉಂಟಾಗುವ ಜೋಡಿಗೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎಂದು ಹೆಸರು. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ವಿದ್ವಾಂಸರು 1925ರಲ್ಲಿ ಪ್ರಕಟಿಸಿದ 'ವರ್ಡ್ಸ್ ಅಂಡ್ ಈಡಿಯಮ್ಸ್' ಗ್ರಂಥದಲ್ಲಿ ಈ ಹೆಸರನ್ನು ಬಳಸಿದರು. ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಅದನ್ನು ಸೂಚಿಸಿದರೆಂದು ಅವರೇ ಹೇಳಿದ್ದಾರೆ. ಹೆಸರಿಗೆ ನೂರು ವರ್ಷದ ವಯಸ್ಸು. ಬಳಕೆಗೆ ಅದಕ್ಕಿಂತ ಬಹಳ ಹೆಚ್ಚು. ಈ ಉಪನ್ಯಾಸದಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. ತರಗತಿಯಲ್ಲಿಯೂ ವಾಕ್ಯವು ಮೊದಲು ಕಿವಿಗೆ ಬಿದ್ದು, ಆಮೇಲೆ ಕರಿಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುವುದು ಒಳ್ಳೆಯ ಕ್ರಮ.

ಮೊದಲು ಕನ್ನಡದ ಕಡೆಯಿಂದಲೇ ಹೊರಡುವುದು ಸರಿ. ಏಕೆಂದರೆ ತೊಡಕಿನ ಅರ್ಧಭಾಗವು ಅನುವಾದದಲ್ಲಿದೆ. ಕರ್ಮಣಿ ಎಂದ ಕೂಡಲೇ ವ್ಯಾಕರಣದ ಪುಸ್ತಕವು 'ಅಲ್ಪಡು' ಎಂಬ ರೂಪವನ್ನು ಮುಂದಿಡುತ್ತದೆ: ಮಾಡಲ್ಪಟ್ಟಿತು, ಬರೆಯಲ್ಪಟ್ಟಿತು. ಅದು ವ್ಯಾಕರಣಶುದ್ಧವಾದ ರೂಪ; ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಯಾವ ಕನ್ನಡಿಗನೂ "ನಾನು ಮೇಷ್ಟ್ರಿಂದ ಬೈಯಲ್ಪಟ್ಟೆನು" ಎನ್ನುವುದಿಲ್ಲ. "ಮೇಷ್ಟ್ರ ಹತ್ತಿರ ಬೈಸಿಕೊಂಡೆ" ಎನ್ನುತ್ತಾನೆ, ಇಲ್ಲವೇ "ಬೈಗುಳ ತಿಂದೆ" ಎನ್ನುತ್ತಾನೆ. ಇದೇ ಸಂದರ್ಭದಲ್ಲಿ ಇಂಗ್ಲಿಷಿನ ಹುಡುಗನು "ಐ ವಾಸ್ ಟೋಲ್ಡ್ ಆಫ್" ಎನ್ನುತ್ತಾನೆ. ಎರಡೂ ಒಂದೇ ಮಟ್ಟದ, ಒಂದೇ ಸಲಿಗೆಯ ಮಾತುಗಳು. ನಡುವೆ 'ಬೈಯಲ್ಪಟ್ಟೆನು' ಎಂಬುದನ್ನು ತಂದು ನಿಲ್ಲಿಸಿದರೆ, ಸಲೀಸಾದ ಇಂಗ್ಲಿಷ್ ಮಾತು ಮಗುವಿಗೆ ಕಬ್ಬಿಣದ ಕಡಲೆಯಾಗುತ್ತದೆ, ಕನ್ನಡವೂ ಕೆಡುತ್ತದೆ.

ಮಾಡಿದವರನ್ನು ಹಿಂದಕ್ಕಿಟ್ಟು ಆದದ್ದನ್ನು ಹೇಳಲು ಕನ್ನಡವು ಬೇರೆ ಎಷ್ಟೋ ದಾರಿಗಳನ್ನು ಇಟ್ಟುಕೊಂಡಿದೆ. ಆಗು, ಹೋಗು, ಬೀಳು, ತಿನ್ನು ಎಂಬ ಕ್ರಿಯಾಪದಗಳು ಈ ಕೆಲಸವನ್ನು ಹಗಲಿರುಳು ಮಾಡುತ್ತಿವೆ. ಕಾರ್ಯಕ್ರಮ ರದ್ದಾಯಿತು: "ದಿ ಪ್ರೋಗ್ರಾಂ ವಾಸ್ ಕಾಲ್ಡ್ ಆಫ್." ನೆರೆಮನೆಗೆ ಕನ್ನ ಬಿತ್ತು: "ದಿ ಹೌಸ್ ನೆಕ್ಸ್ಟ್ ಡೋರ್ ವಾಸ್ ಬ್ರೋಕನ್ ಇನ್‌ಟು." ಅವನು ಒದೆ ತಿಂದನು: "ಹಿ ವಾಸ್ ಬೀಟನ್ ಅಪ್." ಮುದುಕ ಮೋಸಹೋದನು: "ದಿ ಓಲ್ಡ್ ಮ್ಯಾನ್ ವಾಸ್ ಟೇಕನ್ ಇನ್." ಅವಳು ಎಲ್ಲರೆದುರು ನಗೆಪಾಟಲಾದಳು: "ಶಿ ವಾಸ್ ಲಾಫ್ಡ್ ಅಟ್." ಈ ಕನ್ನಡ ವಾಕ್ಯಗಳಲ್ಲಿ ಯಾವುದರಲ್ಲಿಯೂ 'ಅಲ್ಪಡು' ಇಲ್ಲ. ಮೋಸಹೋದವನು ಎಲ್ಲಿಗೂ ಹೋಗಿಲ್ಲ, ಒದೆ ತಿಂದವನು ಏನನ್ನೂ ತಿಂದಿಲ್ಲ. ಪದಗಳು ಜೊತೆಗೂಡಿದಾಗ ಬಿಡಿ ಅರ್ಥ ಕರಗಿ ಹೊಸ ಅರ್ಥ ಹುಟ್ಟುತ್ತದೆ ಎಂಬ ತಿಳಿವಳಿಕೆ ಕನ್ನಡ ಮಗುವಿಗೆ ಹೊಸದಾಗಿ ಕಲಿಸಬೇಕಾದುದೇ ಅಲ್ಲ. ಅದರ ನಾಲಗೆಯ ಮೇಲೆಯೇ ಇರುವುದನ್ನು ತೋರಿಸಿಕೊಟ್ಟರೆ ಸಾಕು.

ಇನ್ನೂ ಎರಡು ದಾರಿಗಳನ್ನು ಹೇಳಬೇಕು. ಮೊದಲನೆಯದು ಕರ್ತೃಪದವಿಲ್ಲದ ಬಹುವಚನ: "ಹಳೆಯ ಕಟ್ಟಡವನ್ನು ಕೆಡವಿದರು." ಯಾರು ಕೆಡವಿದರು ಎಂಬ ಪ್ರಶ್ನೆ ಏಳುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ "ದಿ ಓಲ್ಡ್ ಬಿಲ್ಡಿಂಗ್ ವಾಸ್ ಪುಲ್ಡ್ ಡೌನ್" ಎಂಬುದು ಸಹಜವಾದ ಸಮಾನ ವಾಕ್ಯ. ಎರಡನೆಯದು ಪತ್ರಿಕೆ ಮತ್ತು ಕಚೇರಿಗಳ 'ಲಾಗಿದೆ' ರೂಪ: "ಸಭೆಯನ್ನು ಮುಂದೂಡಲಾಗಿದೆ." ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ 'ಸಭೆಯನ್ನು' ಎಂಬುದು ದ್ವಿತೀಯಾ ವಿಭಕ್ತಿಯಲ್ಲಿಯೇ ಉಳಿಯಿತು. ಇಂಗ್ಲಿಷಿನಲ್ಲಿ 'ದಿ ಮೀಟಿಂಗ್' ಕರ್ತೃವಿನ ಪೀಠದಲ್ಲಿ ಕುಳಿತು, ಕ್ರಿಯಾಪದವನ್ನು ತನ್ನ ವಚನಕ್ಕೆ ಹೊಂದಿಸಿಕೊಳ್ಳುತ್ತದೆ. ಒಂದು ಸಭೆಯಾದರೆ 'ವಾಸ್', ಎರಡಾದರೆ 'ವೆರ್'. ಮಕ್ಕಳು 'ವಾಸ್' ಎಂಬುದನ್ನು ಬಿಟ್ಟು "ದಿ ಮೀಟಿಂಗ್ ಪುಟ್ ಆಫ್" ಎಂದು ಬರೆಯುವುದಕ್ಕೂ ಕಾರಣ ಕನ್ನಡದಲ್ಲಿಯೇ ಇದೆ. "ಸಭೆ ಮುಂದೆ ಹೋಯಿತು" ಎಂಬಲ್ಲಿ ಬೇರೆ ಸಹಾಯಕ ಪದದ ಅಗತ್ಯವಿಲ್ಲ. ಅದು ಅಜಾಗರೂಕತೆಯ ತಪ್ಪಲ್ಲ, ತರ್ಕಬದ್ಧವಾದ ತಪ್ಪು. ಕೆಂಪು ಶಾಯಿಯ ಗೀಟಿಗಿಂತ ಈ ಹೋಲಿಕೆಯನ್ನು ವಿವರಿಸುವುದರಿಂದ ಅದು ಬೇಗ ತಿದ್ದುತ್ತದೆ.

'ಪುಟ್ ಆಫ್' ಎಂಬ ಒಂದೇ ಜೋಡಿಯನ್ನು ಹಿಡಿದು ಸ್ವಲ್ಪ ಹೊತ್ತು ನಿಲ್ಲುವುದು ಗಡಿನಾಡಿನ ಶಿಕ್ಷಕರಿಗೆ ಪ್ರಯೋಜನಕರ. ಇಲ್ಲಿನ ಮಗು ಒಂದೇ ಭಾಷೆಯ ಮಗುವಲ್ಲ. ಸಭೆ ಮುಂದೂಡಿದ ಸುದ್ದಿಯನ್ನು ಅದು ಕನ್ನಡವಲ್ಲದೆ ಇನ್ನೊಂದು ನುಡಿಯಲ್ಲಿಯೂ ಕೇಳಿರುತ್ತದೆ. ತಾಳವಾಡಿಯಲ್ಲಿ, ಹೊಸೂರಿನಲ್ಲಿ "ಕೂಟ್ಟತ್ತೈ ತಳ್ಳಿ ವೆಚ್ಚುಟ್ಟಾಂಗ" ಎಂದು. ತಳ್ಳಿ ಇಟ್ಟುಬಿಟ್ಟರು ಎಂದು ಅರ್ಥ. ಕಾಸರಗೋಡಿನಲ್ಲಿ, ವಯನಾಡಿನಲ್ಲಿ "ಯೋಗಂ ಮಾಟ್ಟಿವೆಚ್ಚು" ಎಂದು, ಬದಲಿಸಿ ಇಟ್ಟರು. ಆದೋನಿ, ರಾಯದುರ್ಗ, ಮಡಕಶಿರಾಗಳಲ್ಲಿ "ಸಮಾವೇಶಂ ವಾಯಿದಾ ಪಡಿಂದಿ" ಎಂದು, ವಾಯಿದೆ ಬಿದ್ದಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ "ಸಭಾ ಪುಢೇ ಢಕಲಲೀ" ಎಂದು, ಮುಂದಕ್ಕೆ ನೂಕಿದರು. ಇವುಗಳಲ್ಲಿ ಒಂದಾದರೂ ಮಾಡಿದವರ ಹೆಸರನ್ನು ಹೇಳುವುದಿಲ್ಲ. ಪ್ರತಿಯೊಂದರಲ್ಲಿಯೂ ಎರಡು ಪದಗಳು ಕೂಡಿ ಒಂದು ಕ್ರಿಯೆಯಾಗಿವೆ. ತಮಿಳಿನ 'ತಳ್ಳಿ ಇಡು' ಎಂಬುದಂತೂ ಇಂಗ್ಲಿಷಿನ 'ಪುಟ್ ಆಫ್' ಎಂಬುದರ ಅಣ್ಣತಮ್ಮನಂತೆಯೇ ಇದೆ. ಪುಟ್ ಎಂದರೆ ಇಡುವುದು, ಆಫ್ ಎಂದರೆ ಆಚೆಗೆ. ಒಂದೇ ವ್ಯತ್ಯಾಸವೆಂದರೆ, ನಮ್ಮ ನಾಡಿನ ನುಡಿಗಳಲ್ಲಿ ದಿಕ್ಕನ್ನು ಸೂಚಿಸುವ ಪದವು ಕ್ರಿಯೆಯ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಆಮೇಲೆ ಬರುತ್ತದೆ. ತರಗತಿಯ ಮಕ್ಕಳಿಂದಲೇ ಈ ವಾಕ್ಯಗಳನ್ನು ಹೇಳಿಸಿ ಹಲಗೆಯ ಮೇಲೆ ಸಾಲಾಗಿ ಬರೆದರೆ, ಎರಡು ಮೂರು ನುಡಿಗಳ ನಡುವೆ ಬೆಳೆಯುವುದು ಹೊರೆ ಎಂದು ನಂಬಿಕೊಂಡಿರುವ ಮಗು ಅಂದು ಬೇರೆಯದನ್ನು ಕಾಣುತ್ತದೆ.

ಇದೇ ಸ್ಥಳದಲ್ಲಿ ಒಂದು ಅಪಾಯವೂ ಇದೆ. ಅದನ್ನು ಮರೆಯದೆ ಹೇಳಬೇಕು. ಕನ್ನಡಿಗರು, ಮರಾಠಿಗರು ಕಾಲವನ್ನು ತಳ್ಳುವುದು ಮುಂದಕ್ಕೆ. ಆದ್ದರಿಂದ "ದಿ ಎಗ್ಸಾಮ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಟು ಮಂಡೇ" ಎಂಬ ಸೂಚನೆಯನ್ನು ಕಂಡ ವಿದ್ಯಾರ್ಥಿಯು, ಫಾರ್ವರ್ಡ್ ಎಂದರೆ ಮುಂದೆ, ಹಾಗಾದರೆ ಪರೀಕ್ಷೆ ಮುಂದೆ ಹೋಗಿದೆ, ಇನ್ನೂ ಸಮಯವಿದೆ ಎಂದು ನಿಶ್ಚಿಂತನಾಗುತ್ತಾನೆ. ನಿಜಸ್ಥಿತಿ ಅದಕ್ಕೆ ವಿರುದ್ಧ. 'ಬ್ರಾಟ್ ಫಾರ್ವರ್ಡ್' ಎಂದರೆ ಗೊತ್ತಾದ ದಿನಕ್ಕಿಂತ ಮೊದಲೇ ನಡೆಯಲಿದೆ ಎಂದು ಅರ್ಥ. ಬುಧವಾರದ ಪರೀಕ್ಷೆ ಸೋಮವಾರಕ್ಕೆ ಬಂದಿದೆ. ಹಾಗೆಯೇ 'ಪುಟ್ ಬ್ಯಾಕ್', 'ಪುಶ್ಡ್ ಬ್ಯಾಕ್' ಎಂಬವುಗಳಲ್ಲಿ ಬ್ಯಾಕ್ ಇರುವುದರಿಂದ ಹಿಂದಕ್ಕೆ ಬಂದಿತೆಂದು ಭಾವಿಸಬಾರದು; ಅವು ಮುಂದೂಡಿದ್ದನ್ನು ಹೇಳುತ್ತವೆ. ಭಾರತದ ಇಂಗ್ಲಿಷಿನಲ್ಲಿ 'ಪ್ರೀಪೋನ್' ಎಂಬ ಪದ ಹುಟ್ಟಿಕೊಂಡದ್ದನ್ನು ಕೆಲವರು ಹಾಸ್ಯ ಮಾಡುವುದುಂಟು. ಅದು ಹಾಸ್ಯಕ್ಕೆ ಅರ್ಹವಾದುದಲ್ಲ. ಇಂಥ ಗೊಂದಲವನ್ನು ತಪ್ಪಿಸುವಷ್ಟು ಸ್ಪಷ್ಟವಾದ ಪದ ಅದು. ಆದರೂ ಹೊರಗಿನ ಸೂಚನೆಗಳಲ್ಲಿ 'ಬ್ರಾಟ್ ಫಾರ್ವರ್ಡ್' ಎಂಬುದೂ ಬರುತ್ತದೆಯಾದ್ದರಿಂದ, ಪ್ರೌಢಶಾಲೆಯನ್ನು ಬಿಡುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಒಂದು ಜೋಡಿಯನ್ನು ಅರಿತಿರಬೇಕು.

ಇನ್ನು ವಾಕ್ಯರಚನೆಯ ಮಾತು. ಕರ್ತರಿ ವಾಕ್ಯವು ಸುಲಭ, ಕರ್ಮಣಿಯು ಕಠಿಣ. ಆದ್ದರಿಂದ ಕರ್ತರಿಯನ್ನು ಮೊದಲು ಕಲಿಸಿ ಆಮೇಲೆ ಕರ್ಮಣಿಗೆ ಪರಿವರ್ತಿಸಬೇಕು ಎಂಬುದು ರೂಢಿಯ ನಂಬಿಕೆ. ಕಿರುಪದವುಳ್ಳ ಕ್ರಿಯಾಪದಗಳ ವಿಷಯದಲ್ಲಿ ಈ ನಂಬಿಕೆ ತಲೆಕೆಳಗಾಗುತ್ತದೆ. ಕರ್ತರಿಯಲ್ಲಿ ಕಿರುಪದವು ಒಂದೆಡೆ ನಿಲ್ಲುವುದಿಲ್ಲ. "ದೇ ಕಾಲ್ಡ್ ಆಫ್ ದಿ ಮ್ಯಾಚ್" ಎನ್ನಬಹುದು. "ದೇ ಕಾಲ್ಡ್ ದಿ ಮ್ಯಾಚ್ ಆಫ್" ಎಂದೂ ಎನ್ನಬಹುದು. ಆದರೆ 'ಇಟ್' ಎಂಬ ಸರ್ವನಾಮ ಬಂದರೆ "ದೇ ಕಾಲ್ಡ್ ಇಟ್ ಆಫ್" ಎಂದು ನಡುವೆಯೇ ಇಡಬೇಕು. "ಕಾಲ್ಡ್ ಆಫ್ ಇಟ್" ಎಂದರೆ ತಪ್ಪು. ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಿಸಬಾರದು ಎಂಬ ಈ ಗೋಜಲಿನಲ್ಲಿ ಎಂಟನೆಯ ತರಗತಿಯ ಅರ್ಧ ತಿಂಗಳು ಕಳೆದುಹೋಗಬಹುದು. ಕರ್ಮಣಿಯಲ್ಲಿ ಈ ಗೋಜಲೇ ಇಲ್ಲ. ಕರ್ಮಪದವು ವಾಕ್ಯದ ತಲೆಗೆ ಹೋಗಿಬಿಡುವುದರಿಂದ, ಕ್ರಿಯಾಪದಕ್ಕೂ ಕಿರುಪದಕ್ಕೂ ನಡುವೆ ನುಸುಳಲು ಏನೂ ಉಳಿಯುವುದಿಲ್ಲ. "ದಿ ಮ್ಯಾಚ್ ವಾಸ್ ಕಾಲ್ಡ್ ಆಫ್", "ಇಟ್ ವಾಸ್ ಕಾಲ್ಡ್ ಆಫ್." ನಾಮಪದವಾದರೂ ಸರ್ವನಾಮವಾದರೂ ಜೋಡಿ ಅಂಟಿಕೊಂಡೇ ಇರುತ್ತದೆ.

ಆದ್ದರಿಂದ ಜೋಡಿಗಳನ್ನು ಮೊದಲು ಕರ್ಮಣಿ ವಾಕ್ಯಗಳಲ್ಲಿಯೇ ಪರಿಚಯಿಸುವುದು ಉಚಿತ. ಸೂಚನಾಫಲಕ, ಬಸ್ ನಿಲ್ದಾಣ, ಆಸ್ಪತ್ರೆ, ಬ್ಯಾಂಕು ಎಲ್ಲೆಡೆಯೂ ಮಗು ಎದುರಿಸುವುದು ಈ ರೂಪವನ್ನೇ: "ಶೂಸ್ ಮಸ್ಟ್ ಬಿ ಟೇಕನ್ ಆಫ್", "ಮೊಬೈಲ್ ಫೋನ್ಸ್ ಶುಡ್ ಬಿ ಸ್ವಿಚ್ಡ್ ಆಫ್", "ದಿ ಸಪ್ಲೈ ವಿಲ್ ಬಿ ಕಟ್ ಆಫ್." ಪರಿವರ್ತನೆಯ ಅಭ್ಯಾಸ ಆಮೇಲೆ ಬರಲಿ. ಅದು ಬಾರದಿದ್ದರೂ ದೊಡ್ಡ ನಷ್ಟವಿಲ್ಲ.

ಎಲ್ಲ ಜೋಡಿಗಳಿಗೂ ಕರ್ಮಣಿ ರೂಪವಿಲ್ಲ ಎಂಬುದನ್ನು ಮಾತ್ರ ಬೇಗನೆ ತಿಳಿಸಬೇಕು. "ದಿ ಬಸ್ ವಾಸ್ ಬ್ರೋಕನ್ ಡೌನ್, ಸೋ ಐ ಕೇಮ್ ಲೇಟ್" ಎಂಬ ವಾಕ್ಯವನ್ನು ರಜಾ ಚೀಟಿಗಳಲ್ಲಿ ಕಾಣದ ಶಿಕ್ಷಕರಿಲ್ಲ. ಬಸ್ಸು ಕೆಟ್ಟು ನಿಂತಿತು. ಯಾರೂ ಅದನ್ನು ಕೆಡಿಸಲಿಲ್ಲ. ಕನ್ನಡದಲ್ಲಿ ಕೆಡು ಎಂಬುದು ಅಕರ್ಮಕ, ಕೆಡಿಸು ಎಂಬುದು ಸಕರ್ಮಕ. ಇಂಗ್ಲಿಷಿನಲ್ಲಿ 'ಬ್ರೇಕ್ ಡೌನ್' ಎಂಬ ಒಂದೇ ಜೋಡಿ ಎರಡು ಕೆಲಸಗಳನ್ನು ಮಾಡುತ್ತದೆ. ಬಸ್ಸು 'ಬ್ರೋಕ್ ಡೌನ್'. ಆದರೆ ಪೊಲೀಸರು ಒಡೆದು ಕೆಡವಿದ ಬಾಗಿಲು 'ವಾಸ್ ಬ್ರೋಕನ್ ಡೌನ್'. ಹಾಗೆಯೇ ವಿಮಾನ 'ಟುಕ್ ಆಫ್', ಕಳಚಿದ ಚಪ್ಪಲಿ 'ವಾಸ್ ಟೇಕನ್ ಆಫ್'. ಪರೀಕ್ಷೆ ಸುಲಭವಾದುದು: "ಇದನ್ನು ಯಾರಾದರೂ ಮಾಡಿದರೇ, ತಾನಾಗಿ ಆಯಿತೇ?" ಎಂದು ಕನ್ನಡದಲ್ಲಿ ಕೇಳಿಸಬೇಕು. ತಾನಾಗಿ ಆದುದಕ್ಕೆ 'ವಾಸ್' ಬೇಡ. ಆದರೆ ಈ ಪರೀಕ್ಷೆಗೂ ಮಿತಿಯಿದೆ. ಮಗನು ತಂದೆಯನ್ನು ಹೋಲುವುದಕ್ಕೆ 'ಟೇಕ್ ಆಫ್ಟರ್' ಎಂಬ ಜೋಡಿಯುಂಟು. ಅದಕ್ಕೆ ಕರ್ಮಪದವಿದ್ದರೂ ಅದನ್ನು ಕರ್ಮಣಿಗೆ ತಿರುಗಿಸುವುದಿಲ್ಲ. ಇಂಥವು ಕೆಲವೇ ಇವೆ. ಎದುರಾದಾಗ ಹೇಳಿದರಾಯಿತು, ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ.

ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತ ಕಿರುಪದವನ್ನು ಕಂಡರೆ ಕನ್ನಡ ಮಗುವಿಗೆ ಅದು ಅನಾವಶ್ಯಕವೆಂದು ತೋರುತ್ತದೆ. ನಮ್ಮಲ್ಲಿ ವಾಕ್ಯವು ಕ್ರಿಯಾಪದದಲ್ಲಿ ಮುಗಿಯಬೇಕು. ಅದರಾಚೆಗೆ ಉಳಿದದ್ದೆಲ್ಲ ಹೆಚ್ಚಿನದು. ಆದುದರಿಂದ "ಶಿ ವಾಸ್ ಲಾಫ್ಡ್", "ದಿ ಚೈಲ್ಡ್ ಈಸ್ ವೆಲ್ ಲುಕ್ಡ್" ಎಂಬಂತಹ ತುಂಡು ವಾಕ್ಯಗಳು ಹುಟ್ಟುತ್ತವೆ. ಇದಕ್ಕೆ ಮದ್ದು ಮತ್ತೆ ಕನ್ನಡದಲ್ಲಿದೆ. "ಅವಳನ್ನು ನೋಡಿ ನಕ್ಕರು" ಎಂಬಲ್ಲಿ 'ನೋಡಿ' ಎಂಬುದನ್ನು ಕಿತ್ತುಹಾಕಿ "ಅವಳನ್ನು ನಕ್ಕರು" ಎಂದರೆ ಹೇಗೆ ಕುಂಟುತ್ತದೆಯೋ 'ಅಟ್' ಇಲ್ಲದ ಇಂಗ್ಲಿಷ್ ವಾಕ್ಯವೂ ಹಾಗೆಯೇ ಕುಂಟುತ್ತದೆ. 'ನೋಡು' ಬೇರೆ, 'ನೋಡಿಕೊಳ್ಳು' ಬೇರೆ. "ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂಬಲ್ಲಿ 'ಕೊಳ್ಳು' ಮಾಡುವ ಕೆಲಸವನ್ನು "ದಿ ಚೈಲ್ಡ್ ಈಸ್ ವೆಲ್ ಲುಕ್ಡ್ ಆಫ್ಟರ್" ಎಂಬಲ್ಲಿ 'ಆಫ್ಟರ್' ಮಾಡುತ್ತದೆ. ಕಿರುಪದಗಳು ಎರಡಿದ್ದರೆ ಎರಡನ್ನೂ ಉಳಿಸಬೇಕು: "ದಿ ಓಲ್ಡ್ ರೂಲ್ ವಾಸ್ ಡನ್ ಅವೇ ವಿತ್", ಹಳೆಯ ನಿಯಮವನ್ನು ತೆಗೆದುಹಾಕಿದರು. ಇಂಥ ವಾಕ್ಯಗಳಲ್ಲಿ ಅತ್ಯಂತ ದೀರ್ಘಾಯುಷಿಯಾದುದು ಕಚೇರಿಯ ಉತ್ತರ: "ಯುವರ್ ಕಂಪ್ಲೇಂಟ್ ಈಸ್ ಬೀಯಿಂಗ್ ಲುಕ್ಡ್ ಇನ್‌ಟು." ಕನ್ನಡದ 'ಪರಿಶೀಲನೆಯಲ್ಲಿದೆ' ಎಂಬುದರ ಅವಳಿ. ಯಾರು ಪರಿಶೀಲಿಸುತ್ತಿದ್ದಾರೆ ಎಂಬುದನ್ನು ಎರಡು ಭಾಷೆಗಳೂ ಸಮಾನ ಜಾಣ್ಮೆಯಿಂದ ಮರೆಮಾಡುತ್ತವೆ.

ಮರೆಮಾಡುವ ಮಾತು ಬಂದುದರಿಂದ 'ಬೈ' ಎಂಬ ಪದವನ್ನು ಕುರಿತು ಹೇಳಬೇಕು. ಪರಿವರ್ತನೆಯ ಅಭ್ಯಾಸಗಳು ಈ ಪದವನ್ನು ಕಡ್ಡಾಯವೆಂಬಂತೆ ಕಲಿಸಿಬಿಟ್ಟಿವೆ. "ದಿ ಮ್ಯಾಚ್ ವಾಸ್ ಕಾಲ್ಡ್ ಆಫ್ ಬೈ ದೆಮ್" ಎಂದು ಬರೆದರೆ ಪೂರ್ಣ ಅಂಕ ದೊರೆಯುತ್ತದೆ. ಇಂಗ್ಲಿಷ್ ಮನೆಮಾತಾಗಿರುವವರು ಯಾರೂ ಹಾಗೆ ಮಾತನಾಡುವುದಿಲ್ಲ. ಮಾಡಿದವರು ಯಾರೆಂಬುದು ಮುಖ್ಯವಲ್ಲ ಎಂದೇ ಕರ್ಮಣಿಯನ್ನು ಆರಿಸಿಕೊಂಡ ಮೇಲೆ, ಅವರನ್ನು ಬಾಲದಲ್ಲಿ ಮತ್ತೆ ಕಟ್ಟುವುದೇಕೆ? ಮಾಡಿದವರೇ ಸುದ್ದಿಯಾದಾಗ ಮಾತ್ರ 'ಬೈ' ಬರಬೇಕು: "ಶಿ ವಾಸ್ ಬ್ರಾಟ್ ಅಪ್ ಬೈ ಹರ್ ಗ್ರ್ಯಾಂಡ್‌ಮದರ್." ಇಲ್ಲಿ ಸಾಕಿದವಳು ಅಜ್ಜಿ ಎಂಬುದೇ ಹೇಳಬೇಕಾದ ವಿಷಯ. ಕನ್ನಡದಲ್ಲಿ "ಅವಳನ್ನು ಅಜ್ಜಿಯೇ ಸಾಕಿದಳು" ಎಂದು ಆ 'ಏ' ಕಾರದಿಂದ ಸೂಚಿಸುವುದನ್ನು ಇಂಗ್ಲಿಷ್ ಇಲ್ಲಿ 'ಬೈ' ಪದವನ್ನು ವಾಕ್ಯದ ಕೊನೆಗೆ ಇಟ್ಟು ಸೂಚಿಸುತ್ತದೆ. ಮಳೆಯಿಂದ ಪಂದ್ಯ ರದ್ದಾಯಿತು ಎಂಬಲ್ಲಿ 'ಇಂದ' ಇದೆಯೆಂದು 'ಬೈ ರೇನ್' ಎಂದು ಬರೆಯುವುದೂ ಉಂಟು. ಮಳೆ ಕಾರಣವೇ ಹೊರತು ರದ್ದುಮಾಡಿದ ಅಧಿಕಾರಿಯಲ್ಲ. ಅಲ್ಲಿ 'ಬಿಕಾಸ್ ಆಫ್ ರೇನ್' ಎನ್ನಬೇಕು. ಬ್ರಿಟನ್ನಿನವರು ಇದನ್ನೇ ಚುಟುಕಾಗಿ "ದಿ ಮ್ಯಾಚ್ ವಾಸ್ ರೇನ್ಡ್ ಆಫ್" ಎನ್ನುತ್ತಾರೆ. ಈ ಜೋಡಿ ಬಳಕೆಯಾಗುವುದು ಕರ್ಮಣಿಯಲ್ಲಿ ಮಾತ್ರ. ಕ್ರಿಕೆಟ್ ಪ್ರೇಮಿಗಳಾದ ಹುಡುಗರು ಇದನ್ನು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಕ್ರಿಯಾಪದದ ಮೂರನೆಯ ರೂಪವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 'ವಾಸ್ ಟುಕ್ ಅವೇ' ಎಂಬುದು ತಪ್ಪು, 'ವಾಸ್ ಟೇಕನ್ ಅವೇ' ಸರಿ. ಪುಟ್, ಕಟ್, ಸೆಟ್ ಎಂಬವು ಬದಲಾಗುವುದೇ ಇಲ್ಲ ಎಂಬುದು ಮಕ್ಕಳಿಗೆ ಸಂತೋಷದ ಸುದ್ದಿ.

ಉಚ್ಚಾರಣೆಗೆ ಮಾತ್ರ ಹೆಚ್ಚಿನ ಗಮನ ಬೇಕು. ಕನ್ನಡದ ನಾಲಗೆ ಪದವನ್ನು ಸ್ವರದಲ್ಲಿ ಮುಗಿಸಲು ಬಯಸುತ್ತದೆ. ಆದ್ದರಿಂದ 'ಪಿಕ್ಡ್ ಅಪ್' ಎಂಬುದು 'ಪಿಕ್ಡು ಅಪ್ಪು' ಆಗಿ, ಎರಡು ಪದಗಳ ನಡುವೆ ಗೋಡೆ ಏಳುತ್ತದೆ. ಆಡುವವರ ಬಾಯಲ್ಲಿ ಅದು 'ಪಿಕ್ಟಪ್'. ಹಾಗೆಯೇ 'ಫಿಲ್ಡ್ ಇನ್' ಎಂಬುದು 'ಫಿಲ್ಡಿನ್', 'ಕಾಲ್ಡ್ ಆಫ್' ಎಂಬುದು 'ಕಾಲ್ಡಾಫ್'. ಹಿಂದಿನ ಪದದ ವ್ಯಂಜನವು ಮುಂದಿನ ಪದದ ಸ್ವರವನ್ನು ಅಪ್ಪಿಕೊಳ್ಳುವುದು ಸಂಧಿಕಾರ್ಯವನ್ನು ಕಲಿತ ಕನ್ನಡ ವಿದ್ಯಾರ್ಥಿಗೆ ವಿಚಿತ್ರವಾಗಿ ಕಾಣಬಾರದು. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವುದನ್ನು ಬಲ್ಲವರಿಗೆ ಇದು ಹತ್ತಿರದ ನೆಂಟ. ಒತ್ತು ಬೀಳುವ ಸ್ಥಾನವೂ ಅರ್ಥವನ್ನು ಹೇಳುತ್ತದೆ: 'ಕಾಲ್ಡ್ ಆಫ್', 'ಟರ್ನ್ಡ್ ಡೌನ್', 'ಲೆಫ್ಟ್ ಔಟ್' ಎಂಬವುಗಳಲ್ಲಿ ಒತ್ತು ಕಿರುಪದದ ಮೇಲೆ, 'ಲಾಫ್ಡ್ ಅಟ್' ಎಂಬಲ್ಲಿ ಕ್ರಿಯಾಪದದ ಮೇಲೆ. ಈ ಒತ್ತನ್ನು ಕೇಳದ ಕಿವಿ ಕಿರುಪದವನ್ನೂ ಕೇಳುವುದಿಲ್ಲ. ಕೇಳದಿದ್ದುದನ್ನು ಕೈ ಬರೆಯುವುದಿಲ್ಲ. ವಾರಕ್ಕೆ ಎರಡು ದಿನ, ಹತ್ತು ನಿಮಿಷದಂತೆ, ಶಿಕ್ಷಕರು ಇಂಥ ಆರೇಳು ವಾಕ್ಯಗಳನ್ನು ಉಕ್ತಲೇಖನ ಕೊಟ್ಟರೆ ಫಲ ಕಾಣುತ್ತದೆ.

ತರಗತಿಯ ಚಟುವಟಿಕೆಯಾಗಿ ಮಕ್ಕಳಿಂದ ಸೂಚನೆಗಳನ್ನು ಸಂಗ್ರಹಿಸಿ ತರಿಸಬಹುದು. ರೈಲು ನಿಲ್ದಾಣ, ಬ್ಯಾಂಕು, ಔಷಧದ ಪೆಟ್ಟಿಗೆ, ವಿದ್ಯುತ್ ಬಿಲ್ಲು, ಪ್ರವೇಶಪತ್ರ ಎಲ್ಲಿ ಕಂಡರೂ ಸರಿ, ಇಂಥ ಒಂದು ವಾಕ್ಯವನ್ನು ಬರೆದು ತರಬೇಕು. ಅದರ ಕೆಳಗೆ ಕನ್ನಡದಲ್ಲಿ, ಆಮೇಲೆ ಮನೆಯ ಇಲ್ಲವೇ ಬೀದಿಯ ಮಾತಿನಲ್ಲಿ ಅದೇ ವಿಷಯವನ್ನು ಬರೆಯಬೇಕು. ಶರತ್ತು ಒಂದೇ: 'ಅಲ್ಪಟ್ಟಿತು' ಕೂಡದು. ಅಜ್ಜಿಗೆ ಓದಿ ಹೇಳಿದರೆ ಅಜ್ಜಿಗೆ ಅರ್ಥವಾಗಬೇಕು. ಸೂಚನಾಫಲಕದ ಆ ಎರಡು ವಾಕ್ಯಗಳನ್ನೇ ಮೊದಲ ದಿನ ಕೊಡಬಹುದು. "ಯಾರ ಹೆಸರು ಬಿಟ್ಟುಹೋಗಿದೆಯೋ ಅವರು ಶುಕ್ರವಾರಕ್ಕೆ ಮೊದಲೇ ಗುಮಾಸ್ತರನ್ನು ಕಾಣಬೇಕು, ತಡವಾಗಿ ಕೊಟ್ಟ ಅರ್ಜಿ ತಿರಸ್ಕಾರವಾಗುತ್ತದೆ" ಎಂಬಷ್ಟು ಬಂದರೆ ಸಾಕು. 'ಹೆಸರು ಬಿಟ್ಟುಹೋಗಿದೆ', 'ಊರು ಬಿಟ್ಟುಹೋಗಿದ್ದಾನೆ' ಎಂಬ ಎರಡು ಮಾತುಗಳ ಅಂತರವನ್ನು ಅಲ್ಲಿಯೇ ಕೇಳಬೇಕು. ಬಾಲಕಿಯು 'ಲೆಫ್ಟ್' ಎಂಬುದರಲ್ಲಿ ಎಡವಿದ ಕಲ್ಲು ಕನ್ನಡದ ಅಂಗಳದಲ್ಲಿಯೂ ಇದೆ. ಅಲ್ಲಿ ಅವಳು ಎಂದೂ ಎಡವಿಲ್ಲ.

ಶಿಕ್ಷಕರಲ್ಲಿ ಏಳುವ ಒಂದು ಸಂದೇಹ ಉಳಿದಿದೆ: ಅರ್ಜಿಯನ್ನು ತುಂಬುವುದಕ್ಕೆ ಯಾವ ಕಿರುಪದ ಸರಿ? ಬ್ರಿಟನ್ನಿನಲ್ಲಿ 'ಫಿಲ್ಡ್ ಇನ್', ಅಮೆರಿಕದಲ್ಲಿ 'ಫಿಲ್ಡ್ ಔಟ್', ಭಾರತದಲ್ಲಿ ಹೆಚ್ಚಾಗಿ 'ಫಿಲ್ಡ್ ಅಪ್'. ಉತ್ತರಪತ್ರಿಕೆಯಲ್ಲಿ ಮೂರನ್ನೂ ಒಪ್ಪುವುದು ನ್ಯಾಯ. ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವಾಗ ಮಾತ್ರ, ಮೂರರಲ್ಲಿ ಒಂದೇ ಸರಿಯೆಂದು ಬಯಸುವ ಬಿಟ್ಟ ಸ್ಥಳದ ಪ್ರಶ್ನೆಯನ್ನು ಕೊಡದಿರುವುದು ಒಳ್ಳೆಯದು.